ಏಳಲೊಲ್ಲದ ಗಣಕಯಂತ್ರವನ್ನು ಎಬ್ಬಿಸುವ ಕ್ರಮ

ಮನೆಯ ಹೊಲಿಗೆಯಂತ್ರವು ನೂಲನ್ನು ಕಡಿಯತೊಡಗಿದರೆ ನಾವು ಸೂಜಿಯನ್ನು ಬದಲಾಯಿಸಿ ನೋಡುವೆವು. ದೀಪವು ಆರಿಹೋದರೆ ಫ್ಯೂಸನ್ನು ಪರೀಕ್ಷಿಸುವೆವು. ಗಣಕಯಂತ್ರವು ಏಳದಿದ್ದರೆ ಮಾತ್ರ ನಮ್ಮ ಧೈರ್ಯವೆಲ್ಲ ಅಡಗಿಹೋಗುವುದು. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಸಾಲುಸಾಲಾಗಿ ನಿಂತವೆಂದರೆ ಅವನ್ನು ಓದುವುದಕ್ಕೂ ಮನಸ್ಸು ಬಾರದೆ, ಯಂತ್ರವನ್ನು ಹೊತ್ತು ಅಂಗಡಿಗೆ ಒಯ್ಯುವುದೇ ಸಾಧಾರಣವಾದ ರೂಢಿಯಾಗಿದೆ. ಆದರೆ ಆ ಅಕ್ಷರಗಳು ನಮ್ಮನ್ನು ಹೆದರಿಸುವುದಕ್ಕಾಗಿ ಬಂದವುಗಳಲ್ಲ. ತಾನು ಎಲ್ಲಿಯವರೆಗೆ ನಡೆದು ಬಂದೆನು, ಯಾವ ಹೆಜ್ಜೆಯಲ್ಲಿ ಎಡವಿದೆನು ಎಂಬುದನ್ನು ಯಂತ್ರವು ತಾನಾಗಿ ಒಪ್ಪಿಸುವ ವರದಿಯೇ ಅದು. ಆ ವರದಿಯನ್ನು ಓದುವ ಬಗೆಯನ್ನು, ವಿಶೇಷವಾಗಿ ಲಿನಕ್ಸ್ ಎಂಬ ವ್ಯವಸ್ಥೆಯುಳ್ಳ ಗಣಕದ ವಿಷಯದಲ್ಲಿ, ನಮ್ಮ ವಿದ್ಯಾರ್ಥಿನಿಯರಿಗೆ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶವು. ಬರಿಯ ಸೂತ್ರಗಳಿಂದ ಬೇಸರವಾದೀತೆಂದು, ನಾನೇ ಕೈಯಾರೆ ನೋಡಿದ ಒಂದು ಪ್ರಸಂಗವನ್ನು ಹಿಡಿದುಕೊಂಡು ಹೇಳುವೆನು.

ಚನ್ನಪಟ್ಟಣ ತಾಲ್ಲೂಕಿನಲ್ಲಿ ವಿರೂಪಾಕ್ಷಿಪುರವು ಒಂದು ಹೋಬಳಿಯ ಮುಖ್ಯ ಗ್ರಾಮವಾಗಿದೆ. ಚನ್ನಪಟ್ಟಣದ ಪೇಟೆಯು ಬಣ್ಣದ ಮರದ ಬೊಂಬೆಗಳಿಗೆ ಹೆಸರಾದರೆ, ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟಗಳೂ ರೇಷ್ಮೆಹುಳುವಿನ ಸಾಕಣೆಯೂ ಅನೇಕ ಸಂಸಾರಗಳಿಗೆ ಆಧಾರವಾಗಿರುವುವು. ಅಲ್ಲಿ ನನ್ನ ಚಿಕ್ಕಮ್ಮನವರು, ಹದಿನೈದು ಮಂದಿ ಹೆಂಗಸರು ಕೂಡಿ ನಡೆಯಿಸುವ ಒಂದು ಉಳಿತಾಯದ ಸಂಘಕ್ಕೆ ಲೆಕ್ಕವನ್ನಿಡುವರು. ವಾರಕ್ಕೊಮ್ಮೆ ಒಬ್ಬೊಬ್ಬರೂ ಕಟ್ಟುವ ಹಣ, ಚಂದ್ರಿಕೆಗಳನ್ನು ಕೊಳ್ಳುವುದಕ್ಕೆಂದು ಒಬ್ಬಳು ಪಡೆದ ಸಾಲ, ಗೂಡನ್ನು ಮಾರಿ ಬಂದ ಮೇಲೆ ಇನ್ನೊಬ್ಬಳು ತೀರಿಸಿದ ಕಂತು, ಇವೆಲ್ಲವೂ ಆ ಲೆಕ್ಕದಲ್ಲಿ ಸೇರಿದ್ದವು. ಹಳೆಯ ಖಾತೆಪುಸ್ತಕವು ತುಂಬಿಹೋದ ಬಳಿಕ, ಹತ್ತನೆಯ ತರಗತಿಯಲ್ಲಿ ಓದುವ ಅವರ ಮಗಳು ಎಲ್ಲವನ್ನೂ ಗಣಕಕ್ಕೆ ಏರಿಸಿ, ಅಲ್ಲಿಂದ ಮುಂದೆ ಅದರಲ್ಲಿಯೇ ಬರೆಯುತ್ತ ಬಂದಿದ್ದಳು. ಗಣಕವು ಬೇರೆಯವರು ಬಳಸಿ ಮಾರಿದ್ದು. ಅದರಲ್ಲಿ ಉಬುಂಟು ಎಂಬ ಹೆಸರಿನ ಲಿನಕ್ಸನ್ನು ಹಾಕಿ ಕೊಟ್ಟವಳು ನಾನೇ. ವಿದ್ಯುತ್ತು ಹೋದರೆ ಕೆಲವು ನಿಮಿಷ ತಡೆಯತಕ್ಕ ಯುಪಿಎಸ್ ಎಂಬ ಸಾಧನವನ್ನು ಮುಂದಿನ ತಿಂಗಳು ಕೊಂಡರಾಯಿತೆಂದು ತಿಂಗಳಿಂದ ತಿಂಗಳಿಗೆ ತಳ್ಳುತ್ತ ಬಂದಿದ್ದರು.

ಹೀಗಿರಲಾಗಿ ಒಂದು ಗುರುವಾರದ ಸಂಜೆ, ಗಣಕವು ತನ್ನ ತಂತ್ರಾಂಶಗಳನ್ನು ಹೊಸದು ಮಾಡಿಕೊಳ್ಳುತ್ತಿದ್ದಾಗ, ಲೆಕ್ಕದ ಕಡತವೂ ತೆರೆದೇ ಇದ್ದಾಗ, ಥಟ್ಟನೆ ವಿದ್ಯುತ್ತು ನಿಂತುಹೋಯಿತು. ಮತ್ತೆ ಬಂದಾಗ ಯಂತ್ರವು ಏಳಲಿಲ್ಲ. ಮರುದಿನ ಹುಡುಗಿಯು ನನಗೆ ಫೋನು ಮಾಡಿದಳು.

"ಅಕ್ಕಾ, ಪರದೆ ಕಪ್ಪಾಗಿ ನಿಂತುಬಿಟ್ಟಿದೆ. ಸೋಮವಾರ ಸಂಘದ ಲೆಕ್ಕ ತೋರಿಸಬೇಕು. ಅಂಗಡಿಯವರನ್ನು ಕೇಳಿದರೆ ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ. ಮಾಡಿಸಿಬಿಡಲೇ?"

"ಬೇಡಮ್ಮಾ, ಏನನ್ನೂ ಮುಟ್ಟಬೇಡ. ನಾಳೆ ನಾನೇ ಬರುತ್ತೇನೆ" ಎಂದೆನು.

ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಸನು ಮಾಡುವುದು. ಯಂತ್ರವು ಅದರಿಂದ ಏಳುವುದು ನಿಜ. ಆದರೆ ಹದಿನೈದು ಮಂದಿಯ ಲೆಕ್ಕವು ಏಳದು.

ಲಿನಕ್ಸ್ ಎಂದರೇನೆಂಬುದನ್ನು ಅರಿಯದವರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ೧೯೯೧ನೆಯ ಇಸವಿಯಲ್ಲಿ, ಫಿನ್‌ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ತರುಣನು ಇದರ ತಿರುಳನ್ನು, ಎಂದರೆ ಕರ್ನಲನ್ನು, ಬರೆದು ಪ್ರಕಟಿಸಿದನು. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು ಸಾರಿದ ಗ್ನೂ ಎಂಬ ಯೋಜನೆಯ ಉಪಕರಣಗಳು ಅದರೊಡನೆ ಕೂಡಿ ಒಂದು ಪೂರ್ಣ ವ್ಯವಸ್ಥೆಯಾಯಿತು. ಇದನ್ನು ಯಾರು ಬೇಕಾದರೂ ಬಳಸಬಹುದು, ಒಳಗನ್ನು ತೆರೆದು ನೋಡಬಹುದು, ತಿದ್ದಿ ಮತ್ತೊಬ್ಬರಿಗೆ ಕೊಡಬಹುದು. ೨೦೧೭ರ ನವೆಂಬರಿನಿಂದೀಚೆಗೆ ಜಗತ್ತಿನ ಅತ್ಯಂತ ವೇಗಶಾಲಿಗಳಾದ ೫೦೦ ಮಹಾಗಣಕಗಳ ಪಟ್ಟಿಯಲ್ಲಿ ಲಿನಕ್ಸಿಲ್ಲದ್ದು ಒಂದೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪೆನಿಯವರೂ ಕೂಡಿ ೨೦೦೧ರಲ್ಲಿ ರೂಪಿಸಿ ತೋರಿಸಿದ ಸಿಂಪ್ಯೂಟರ್ ಎಂಬ ಕೈಗಣಕವೂ ಇದರಿಂದಲೇ ನಡೆಯುತ್ತಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಓದುವ ನಮ್ಮ ಸೋದರಿಯರಂತೂ ಕೇರಳ ರಾಜ್ಯದ ಕ್ರಮದಂತೆ ಗಣಕದ ಪಾಠವನ್ನೆಲ್ಲ ಲಿನಕ್ಸಿನಲ್ಲಿಯೇ ಕಲಿತು, ಪ್ರಾಯೋಗಿಕ ಪರೀಕ್ಷೆಯನ್ನೂ ಅದರಲ್ಲಿಯೇ ಕೊಡುವರು. ಆದುದರಿಂದ ಇದು ಪಂಡಿತರ ಸೊತ್ತೆಂದು ಯಾರೂ ಹಿಂಜರಿಯತಕ್ಕದ್ದಿಲ್ಲ.

ಇನ್ನು, ಗಣಕವು ಏಳುವ ಕ್ರಮವನ್ನು ನೋಡೋಣ. ಇದಕ್ಕೆ ಬೂಟ್ ಆಗುವುದೆಂದು ಹೆಸರು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದೆಂಬ ಇಂಗ್ಲಿಷರ ಹಾಸ್ಯದ ಮಾತಿನಿಂದ ಈ ಹೆಸರು ಬಂದಿದೆ. ಅದು ಸರಿಯಾದ ಹೆಸರೇ ಹೌದು. ಯಾತಕ್ಕೆಂದರೆ, ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಗಣಕಕ್ಕೆ ಡಿಸ್ಕಿನ ಮೇಲೆ ಏನಿದೆಯೆಂಬುದೂ ತಿಳಿಯದು. ಚಿಕ್ಕವನು ದೊಡ್ಡವನನ್ನು ಎಬ್ಬಿಸುವನು, ಅವನು ಇನ್ನೂ ದೊಡ್ಡವನನ್ನು. ಮೊದಲು ಏಳುವುದು ಯಂತ್ರದ ಹಲಗೆಯಲ್ಲಿಯೇ ನೆಲಸಿರುವ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಇದನ್ನು ಬಯೋಸ್ ಎಂತಲೂ ಹೊಸವುಗಳಲ್ಲಿ ಯುಇಎಫ್‌ಐ ಎಂತಲೂ ಕರೆಯುವರು. ಅದು ಡಿಸ್ಕನ್ನು ಹುಡುಕಿ, ಅಲ್ಲಿ ಕಾದಿರುವ ಗ್ರಬ್ ಎಂಬ ಬೂಟ್‌ಲೋಡರನ್ನು ಎಬ್ಬಿಸುವುದು. ಗ್ರಬ್ ಎಂಬುದು ಎರಡು ವಸ್ತುಗಳನ್ನು ನೆನಪಿನ ಕೋಶಕ್ಕೆ ತರುವುದು: ಒಂದು ಕರ್ನಲ್, ಇನ್ನೊಂದು ಇನಿಟ್‌ರಾಮ್‌ಎಫ್‌ಎಸ್ ಎಂಬ ಸಣ್ಣದೊಂದು ಬುತ್ತಿಯ ಗಂಟು. ಡಿಸ್ಕನ್ನು ಓದುವುದಕ್ಕೆ ಬೇಕಾದ ಉಪಕರಣಗಳು ಆ ಗಂಟಿನಲ್ಲಿರುವುವು. ಕರ್ನಲ್ ಆ ಗಂಟನ್ನು ಬಿಚ್ಚಿ, ಡಿಸ್ಕಿನ ಮೂಲ ಭಾಗವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವುದು. ಇದಕ್ಕೆ ಮೌಂಟ್ ಎಂದು ಹೆಸರು. ಆ ಬಳಿಕ ಸಿಸ್ಟಮ್‌ಡಿ ಎಂಬ ಮೇಲ್ವಿಚಾರಕನು ಎದ್ದು ಒಂದೊಂದು ಸೇವೆಯನ್ನೂ ಪ್ರಾರಂಭಿಸಿ, ಕಟ್ಟಕಡೆಗೆ ಗುಪ್ತಪದವನ್ನು ಕೇಳುವ ಪರದೆಯನ್ನು ನಮ್ಮ ಮುಂದಿಡುವನು.

ನೂಲು ಬಿಚ್ಚುವವರು ಕೆಲಸ ಮಾಡುವುದನ್ನು ನಮ್ಮ ಸೀಮೆಯವರೆಲ್ಲ ಕಂಡಿರುವರು. ಬಿಸಿನೀರಿನ ಬಾಣಲೆಯಲ್ಲಿರುವ ಒಂದು ಗೂಡಿನ ಎಳೆಯು ಕಡಿದರೆ ಅವರು ಬಾಣಲೆಯನ್ನೇ ಚೆಲ್ಲುವುದಿಲ್ಲ. ಯಾವ ಗೂಡಿನದು ಕಡಿಯಿತೆಂದು ನೋಡಿ, ಅದರ ತುದಿಯನ್ನು ಹುಡುಕಿ ಮತ್ತೆ ಸೇರಿಸುವರು. ಇಲ್ಲಿಯೂ ಮೊದಲ ಪ್ರಶ್ನೆಯು ಅದೇ: ಮೇಲೆ ಹೇಳಿದ ಸರಣಿಯಲ್ಲಿ ಎಳೆಯು ಎಲ್ಲಿ ಕಡಿದಿದೆ?

ಶನಿವಾರ ನಾನು ಹೋಗಿ ಗುಂಡಿಯನ್ನು ಒತ್ತಿದಾಗ ಕಂಪೆನಿಯ ಮುದ್ರೆಯು ಕಾಣಿಸಿತು. ಆದುದರಿಂದ ಫರ್ಮ್‌ವೇರ್ ಸರಿಯಾಗಿದೆ. ಕ್ಷಣಮಾತ್ರ ಕಪ್ಪಾಗಿ, ಅನಂತರ ಅಕ್ಷರಗಳು ಓಡಿದವು. ಆದುದರಿಂದ ಗ್ರಬ್ ಸರಿಯಾಗಿದೆ, ಕರ್ನಲ್ ಕೂಡ ಎದ್ದಿದೆ. ಓಟವು ನಿಂತ ಕಡೆಯಲ್ಲಿ ಕರ್ನಲ್ ಪ್ಯಾನಿಕ್ ಎಂತಲೂ, ಅದರ ಮುಂದೆ "ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (೦,೦)" ಎಂತಲೂ ಬರೆದಿತ್ತು. ಪ್ಯಾನಿಕ್ ಎಂಬ ಶಬ್ದವನ್ನು ಕಂಡು ಹುಡುಗಿಯ ಮುಖವು ಬಾಡಿತು. ಡಿಸ್ಕು ಸತ್ತಿದೆಯೆಂದೇ ಅವಳು ತಿಳಿದಿದ್ದಳು. ಆದರೆ ಇಲ್ಲಿ ಓದಬೇಕಾದುದು ಕೊನೆಯ ಎರಡು ಸೊನ್ನೆಗಳನ್ನು. ಮೂಲ ಭಾಗವಿರುವ ಡಿಸ್ಕು ಯಾವುದೆಂಬ ಗುರುತೇ ಕರ್ನಲಿಗೆ ಹತ್ತಲಿಲ್ಲವೆಂದು ಅವುಗಳ ಅರ್ಥ. ಬುತ್ತಿಯ ಗಂಟು ಇಲ್ಲದೆ ಹೋದರೆ ಅಥವಾ ಅರೆಬರೆಯಾಗಿದ್ದರೆ ಹೀಗಾಗುವುದು. ತಂತ್ರಾಂಶವು ಹೊಸದಾಗುತ್ತಿದ್ದಾಗ ವಿದ್ಯುತ್ತು ಹೋಯಿತೆಂಬುದನ್ನು ಇದರೊಡನೆ ಕೂಡಿಸಿದರೆ ಸಂಗತಿಯು ತಾನಾಗಿ ತಿಳಿಯುವುದು: ಹೊಸ ಕರ್ನಲ್ ಬಂದಿತ್ತು, ಅದರ ಗಂಟು ಮಾತ್ರ ಪೂರ್ತಿಯಾಗಿ ಡಿಸ್ಕಿಗೆ ಇಳಿದಿರಲಿಲ್ಲ.

ಲಿನಕ್ಸಿನ ಒಂದು ಒಳ್ಳೆಯ ಗುಣವೇನೆಂದರೆ, ಹೊಸ ಕರ್ನಲ್ ಬಂದಾಗ ಹಳೆಯದನ್ನು ಕೂಡಲೆ ಹೊರಹಾಕುವುದಿಲ್ಲ. ಯಂತ್ರವನ್ನು ಮತ್ತೆ ಪ್ರಾರಂಭಿಸಿ, ಮುದ್ರೆಯು ಕಾಣಿಸಿದೊಡನೆ ಬಯೋಸಿನ ಯಂತ್ರಗಳಲ್ಲಿ ಶಿಫ್ಟ್ ಗುಂಡಿಯನ್ನು ಒತ್ತಿಹಿಡಿದರೆ, ಯುಇಎಫ್‌ಐ ಯಂತ್ರಗಳಲ್ಲಿ ಎಸ್ಕೇಪ್ ಗುಂಡಿಯನ್ನು ತಟ್ಟಿದರೆ, ಗ್ರಬ್ಬಿನ ಪಟ್ಟಿಯು ತೆರೆಯುವುದು. ಅದರಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್ ಎಂಬ ಸಾಲನ್ನು ಆರಿಸಿದರೆ ಇರುವ ಕರ್ನಲುಗಳೆಲ್ಲ ತಮ್ಮ ತಮ್ಮ ಸಂಖ್ಯೆಗಳೊಡನೆ ಕಾಣಿಸುವುವು. ನಾವು ಎರಡನೆಯದನ್ನು, ಎಂದರೆ ಹಳೆಯದನ್ನು, ಆರಿಸಿದೆವು. ಎಷ್ಟೋ ಸಾರಿ ಇಷ್ಟರಿಂದಲೇ ಯಂತ್ರವು ಎದ್ದು ಕುಳಿತುಕೊಳ್ಳುವುದು.

ನಮ್ಮದು ಅಷ್ಟು ಸುಲಭವಾಗಲಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ನಿಂತಿತು. ಈ ಸಲ ಕಂಸದೊಳಗೆ ಇನಿಟ್‌ರಾಮ್‌ಎಫ್‌ಎಸ್ ಎಂದು ಬರೆದು ನಮ್ಮ ಅಪ್ಪಣೆಗೆ ಕಾದಿತ್ತು. ಅದರ ಮೇಲಿನ ಸಾಲಿನಲ್ಲಿ, ಅನಿರೀಕ್ಷಿತವಾದ ಅಸಂಗತಿಯುಂಟು, ಎಫ್‌ಎಸ್‌ಸಿಕೆಯನ್ನು ಕೈಯಿಂದ ನಡೆಯಿಸಿರಿ ಎಂಬರ್ಥದ ಇಂಗ್ಲಿಷ್ ವಾಕ್ಯವಿತ್ತು. ಮೊದಲಿನದಕ್ಕಿಂತ ಇದು ಒಳ್ಳೆಯ ಸುದ್ದಿಯೇ. ಡಿಸ್ಕು ಕಣ್ಣಿಗೆ ಬಿದ್ದಿದೆ. ಆದರೆ ಅದರ ಮೇಲಿನ ಕಡತಗಳ ವ್ಯವಸ್ಥೆಯು ಕಲಕಿಹೋಗಿದೆ. ಹುಡುಗಿಯು, "ಮಾಡಬೇಕಾದುದನ್ನು ಅದೇ ಹೇಳುತ್ತಿದೆಯಲ್ಲ ಅಕ್ಕಾ!" ಎಂದು ಹರ್ಷಿಸಿ ಗುಂಡಿಗಳನ್ನು ಒತ್ತಲು ಹೊರಟಳು. ನಾನು ಅವಳ ಕೈಯನ್ನು ಹಿಡಿದೆನು. ಈ ಪಾಠದಲ್ಲಿ ಮುಖ್ಯವಾದ ಸ್ಥಳವು ಇದೇ ಆಗಿದೆ. ಆದಕಾರಣ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವೆನು.

ಎಫ್‌ಎಸ್‌ಸಿಕೆ ಎಂಬುದು ಕಡತಗಳ ವ್ಯವಸ್ಥೆಯನ್ನು ಪರೀಕ್ಷಿಸಿ ತಿದ್ದುವ ಆಜ್ಞೆ. ತಿದ್ದುವುದೆಂದರೆ ಡಿಸ್ಕಿನ ಮೇಲೆ ಬರೆಯುವುದು. ಒಪ್ಪದ ತುಂಡುಗಳನ್ನು ಅದು ಕತ್ತರಿಸಿ ಬೇರೆಡೆಗೆ ಹಾಕುವುದೂ ಉಂಟು. ವ್ಯವಸ್ಥೆಯು ನೇರ್ಪಡುವುದೇ ಅದರ ಗುರಿಯೇ ಹೊರತು ನಿಮ್ಮ ಲೆಕ್ಕವು ಉಳಿಯುವುದಲ್ಲ. ಅಲ್ಲದೆ ಡಿಸ್ಕೇ ಸವೆದು ಹೋಗಿದ್ದ ಪಕ್ಷದಲ್ಲಿ, ಅದರ ಮೇಲೆ ಹೀಗೆ ದುಡಿಯುವುದರಿಂದ ಉಳಿದುದೂ ಹೋಗಬಹುದು. ಆದುದರಿಂದ ಪ್ರತಿಯನ್ನು ಮೊದಲು ತೆಗೆದುಕೊಂಡು, ಡಿಸ್ಕಿನ ಆರೋಗ್ಯವನ್ನು ನೋಡಿ, ತಿದ್ದುವುದನ್ನು ಕಡೆಯಲ್ಲಿ ಮಾಡತಕ್ಕದ್ದು.

ಪ್ರತಿಯನ್ನು ತೆಗೆಯುವುದಕ್ಕೆ, ಏಳಲೊಲ್ಲದ ಯಂತ್ರವನ್ನು ಬೇರೊಂದು ದಾರಿಯಿಂದ ಎಬ್ಬಿಸಬೇಕು. ಉಬುಂಟುವಿನ ಪೂರ್ಣ ಪ್ರತಿಯನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು ಅದರಿಂದಲೇ ಯಂತ್ರವನ್ನು ನಡೆಯಿಸಬಹುದು. ಮೊದಲ ಪರದೆಯಲ್ಲಿ ಟ್ರೈ ಎಂಬುದನ್ನು ಆರಿಸಿದರೆ ಒಳಗಿನ ಡಿಸ್ಕಿಗೆ ಏನನ್ನೂ ಬರೆಯದೆ ಅದು ಏಳುವುದು. ಇನ್‌ಸ್ಟಾಲ್ ಎಂಬುದನ್ನು ಮರೆತೂ ಒತ್ತಕೂಡದು. ಇಂಥದೊಂದು ಪೆನ್‌ಡ್ರೈವನ್ನು ಯಂತ್ರವು ಚೆನ್ನಾಗಿರುವಾಗಲೇ ಮಾಡಿ ಪೆಟ್ಟಿಗೆಯಲ್ಲಿಡುವುದು ಜಾಣತನ. ನಾನು ಬೆಂಗಳೂರಿನಿಂದ ಹೊರಡುವಾಗ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆನು.

ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಗನುಸಾರವಾಗಿ ಕನ್ನಡದಲ್ಲಿ ಬರೆದಿರುವೆನು. ಯಂತ್ರದ ಮುಂದೆ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಒತ್ತತಕ್ಕದ್ದು, ಮತ್ತು ಅಧಿಕಾರ ಬೇಕಾದ ಆಜ್ಞೆಗಳ ಹಿಂದೆ ಸುಡೋ ಎಂಬುದನ್ನು ಸೇರಿಸತಕ್ಕದ್ದು. ಮೊದಲು ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಯಿಂದ ಡಿಸ್ಕಿನ ಭಾಗಗಳ ಪಟ್ಟಿಯನ್ನು ತರಿಸಿದೆವು; ಅದರ ಮುಂದೆ -ಎಫ್ ಎಂದು ಸೇರಿಸಿದರೆ ಯಾವ ಭಾಗದಲ್ಲಿ ಯಾವ ಬಗೆಯ ವ್ಯವಸ್ಥೆಯಿದೆಯೆಂಬುದೂ ತಿಳಿಯುವುದು. ನಮ್ಮದರಲ್ಲಿ ಮೂಲ ಭಾಗವು ಎಸ್‌ಡಿಎ೨ ಎಂಬ ಹೆಸರಿನದು, ವ್ಯವಸ್ಥೆಯು ಎಕ್ಸ್‌ಟ್೪. ಅದನ್ನು ಓದುವುದಕ್ಕೆ ಮಾತ್ರ ತೆರೆಯಬೇಕೆಂದು, ಮೌಂಟ್ ಎಂಬ ಆಜ್ಞೆಗೆ -ಓ ಎಂದು ಹೇಳಿ, ಆರ್‌ಓ ಮತ್ತು ನೋಲೋಡ್ ಎಂಬ ಎರಡು ನಿಬಂಧನೆಗಳನ್ನು ಸೇರಿಸಿದೆನು. ಎರಡನೆಯದು ಏಕೆ ಬೇಕೆಂಬುದನ್ನು ಚಿಕ್ಕಮ್ಮನವರೇ ಕೇಳಿದರು.

ಎಕ್ಸ್‌ಟ್೩ ಎಂಬ ವ್ಯವಸ್ಥೆಯು ೨೦೦೧ರಲ್ಲಿ ಲಿನಕ್ಸಿನ ಕರ್ನಲಿಗೆ ಸೇರಿತು. ಅದರ ತಂಗಿಯಾದ ಎಕ್ಸ್‌ಟ್೪ ೨೦೦೮ರಲ್ಲಿ ಬಳಕೆಗೆ ಸಿದ್ಧವಾಯಿತು. ಇವೆರಡರಲ್ಲಿಯೂ ಜರ್ನಲ್ ಎಂಬ ಕಚ್ಚಾ ಪುಸ್ತಕವುಂಟು. ಕಡತಗಳ ಏರ್ಪಾಡಿನಲ್ಲಿ ಯಾವ ಬದಲಾವಣೆಯನ್ನು ಮಾಡಬೇಕಾದರೂ, ಇಂಥದನ್ನು ಮಾಡಲಿರುವೆನೆಂದು ಮೊದಲು ಅದರಲ್ಲಿ ಬರೆದು, ಆಮೇಲೆ ನಿಜವಾದ ಸ್ಥಳದಲ್ಲಿ ಮಾಡುವುದು. ನಡುವೆ ವಿದ್ಯುತ್ತು ಹೋದರೆ, ಮರುಸಲ ಏಳುವಾಗ ಕಚ್ಚಾ ಪುಸ್ತಕವನ್ನು ನೋಡಿ ಅರ್ಧಕ್ಕೆ ನಿಂತ ಕೆಲಸವನ್ನು ಪೂರೈಸುವುದು. "ಹೌದಲ್ಲ, ಸಭೆಯಲ್ಲಿ ಚೀಟಿಯ ಮೇಲೆ ಗೀಚಿಕೊಂಡು ಮನೆಗೆ ಬಂದು ಖಾತೆಗೆ ಏರಿಸುತ್ತಿದ್ದೆವಲ್ಲ, ಹಾಗೆಯೇ" ಎಂದರು ಚಿಕ್ಕಮ್ಮನವರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆನು. ಓದುವುದಕ್ಕೆ ಮಾತ್ರ ಎಂದು ತೆರೆದರೂ ಆ ಚೀಟಿಯನ್ನು ಖಾತೆಗೆ ಏರಿಸುವ ಕೆಲಸವು ನಡೆದುಹೋಗುವುದು. ಅದೂ ಈಗ ಬೇಡವೆಂಬುದಕ್ಕೆ ನೋಲೋಡ್ ಎಂಬ ನಿಬಂಧನೆ. ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಸಾಧಾರಣ ಏರ್ಪಾಡಿನಲ್ಲಿ ಈ ಜರ್ನಲು ಕಡತಗಳ ಹೆಸರು, ಅಳತೆ, ಸ್ಥಾನ ಇವುಗಳ ವಿವರವನ್ನು ಕಾಪಾಡುವುದೇ ಹೊರತು ನಾವು ಕಡೆಯ ಗಳಿಗೆಯಲ್ಲಿ ಬರೆದ ಅಕ್ಷರಗಳನ್ನಲ್ಲ.

ಭಾಗವು ತೆರೆಯಿತು. ಹೋಮ್ ಎಂಬ ಕೋಶದೊಳಗೆ ಅವಳ ಹೆಸರಿನ ಕೋಶವೂ ಅದರೊಳಗೆ ಸಂಘದ ಕಡತವೂ ಇದ್ದವು. ಇಡಿಯ ಕೋಶವನ್ನು ಮತ್ತೊಂದು ಪೆನ್‌ಡ್ರೈವಿಗೆ ನಕಲು ಮಾಡಿ, ನಕಲಿನಿಂದಲೇ ಕಡತವನ್ನು ತೆರೆದೆವು. ಮೂವರೂ ಉಸಿರು ಬಿಗಿಹಿಡಿದಿದ್ದೆವೆಂದರೆ ತಪ್ಪಾಗದು. ಸಾಲುಗಳೆಲ್ಲ ಬಂದವು. ಗುರುವಾರದ ಸಂಜೆ ಉಳಿಸದೆ ಬಿಟ್ಟಿದ್ದ ನಾಲ್ಕು ಹೆಂಗಸರ ಕಂತುಗಳು ಮಾತ್ರ ಇರಲಿಲ್ಲ.

ಅನಂತರ ಡಿಸ್ಕಿನ ಆರೋಗ್ಯ. ಉಬುಂಟುವಿನಲ್ಲಿ ಡಿಸ್ಕ್ಸ್ ಎಂಬ ಉಪಕರಣವು ಇರುವುದು. ಸ್ಮಾರ್ಟ್ ಎಂಬ ಹೆಸರಿನಲ್ಲಿ ಡಿಸ್ಕು ತನ್ನ ವಿಷಯವಾಗಿ ತಾನೇ ಇಟ್ಟುಕೊಂಡಿರುವ ದಾಖಲೆಯನ್ನು ಅದು ತೋರಿಸುವುದು. ಕೆಟ್ಟು ಬದಲಾಯಿಸಲ್ಪಟ್ಟ ತುಣುಕುಗಳೆಷ್ಟು, ಓದಲಾಗದೆ ಕಾದಿರುವ ತುಣುಕುಗಳೆಷ್ಟು ಎಂಬ ಎರಡು ಸಾಲುಗಳನ್ನು ಮುಖ್ಯವಾಗಿ ನೋಡಬೇಕು. ನಮ್ಮದರಲ್ಲಿ ಎರಡೂ ಸೊನ್ನೆಯಾಗಿದ್ದವು. ಡಿಮೆಸ್ಗ್ ಎಂಬ ಆಜ್ಞೆಯಿಂದ ಕರ್ನಲಿನ ದಿನಚರಿಯನ್ನು ನೋಡಿದಾಗಲೂ ಐ/ಓ ಎರರ್ ಎಂಬ ದೂರು ಕಾಣಿಸಲಿಲ್ಲ. ಹಾಗೆ ದೂರುಗಳಿದ್ದರೆ, ಅಥವಾ ಡಿಸ್ಕಿನೊಳಗಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ, ತಿದ್ದುವ ಯೋಚನೆಯನ್ನೇ ಬಿಟ್ಟು, ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡಿಯ ಡಿಸ್ಕಿನ ಪಡಿಯಚ್ಚನ್ನು ಬೇರೊಂದು ಡಿಸ್ಕಿಗೆ ತೆಗೆದು, ಆ ಪಡಿಯಚ್ಚಿನ ಮೇಲೆಯೇ ಮುಂದಿನ ಕೆಲಸವನ್ನು ಮಾಡಬೇಕು. ಅದು ಸುಲಭವಾಗಿ ಓದಬರುವ ಕಡೆಗಳನ್ನು ಮೊದಲು ಓದಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳಿ ಬರುವುದು.

ಇಷ್ಟಾದ ಮೇಲೆ ತಿದ್ದುವುದಕ್ಕೆ ಅಡ್ಡಿಯಿರಲಿಲ್ಲ. ತೆರೆದಿದ್ದ ಭಾಗವನ್ನು ಅನ್‌ಮೌಂಟ್ ಮಾಡಿ (ತೆರೆದಿರುವ ಭಾಗದ ಮೇಲೆ ಎಫ್‌ಎಸ್‌ಸಿಕೆಯನ್ನು ಎಂದಿಗೂ ನಡೆಯಿಸಕೂಡದು, ನಡೆಯುವ ಗಾಡಿಯ ಚಕ್ರವನ್ನು ಬಿಚ್ಚಿದಂತಾಗುವುದು), ಎಫ್‌ಎಸ್‌ಸಿಕೆ -ಎಫ್ /ಡೆವ್/ಎಸ್‌ಡಿಎ೨ ಎಂದು ಹುಡುಗಿಯ ಕೈಯಿಂದಲೇ ಒತ್ತಿಸಿದೆನು. ಅದು ಐದು ಸುತ್ತುಗಳಲ್ಲಿ ಪರೀಕ್ಷಿಸುವುದು: ಒಂದೊಂದು ಕಡತದ ಲೆಕ್ಕ, ಕೋಶಗಳ ರಚನೆ, ಕೋಶಗಳ ಸಂಬಂಧ, ಹೆಸರುಗಳ ಎಣಿಕೆ, ಕಡೆಗೆ ಖಾಲಿ ಜಾಗದ ಮೊತ್ತ. ತಪ್ಪು ಕಂಡಲ್ಲೆಲ್ಲ ತಿದ್ದಲೋ ಎಂದು ಕೇಳುವುದು. ವೈ ಎಂದು ಉತ್ತರಿಸಬೇಕು. ಪ್ರಶ್ನೆಗಳು ಬಹಳವಾದರೆ ಮೊದಲೇ -ವೈ ಎಂದು ಸೇರಿಸಿ ಎಲ್ಲಕ್ಕೂ ಒಮ್ಮೆಗೇ ಒಪ್ಪಿಗೆಯನ್ನು ಕೊಡಬಹುದು; ಪ್ರತಿಯು ಕೈಯಲ್ಲಿರುವಾಗ ಮಾತ್ರ ಅಷ್ಟು ಉದಾರಿಗಳಾಗಬಹುದು. ತಂದೆತಾಯಿ ಯಾರೆಂದು ತಿಳಿಯದ ಕಡತಗಳನ್ನು ಅದು ಲಾಸ್ಟ್+ಫೌಂಡ್ ಎಂಬ ಕೋಶದಲ್ಲಿ, ಹೆಸರಿನ ಬದಲು ಸಂಖ್ಯೆಯನ್ನು ಕೊಟ್ಟು ಇಡುವುದು. ಏನಾದರೂ ಕಾಣೆಯಾದರೆ ಅಲ್ಲಿ ಹುಡುಕತಕ್ಕದ್ದು. ನಮಗೆ ಅಲ್ಲಿ ಸಿಕ್ಕಿದವು ಎರಡು ನಿರುಪಯೋಗಿ ಚೂರುಗಳು.

ಪೆನ್‌ಡ್ರೈವನ್ನು ತೆಗೆದು, ಗ್ರಬ್ಬಿನ ಪಟ್ಟಿಯಿಂದ ಹಳೆಯ ಕರ್ನಲನ್ನು ಆರಿಸಿದಾಗ ಗುಪ್ತಪದವನ್ನು ಕೇಳುವ ಪರದೆಯು ಬಂದಿತು. ಒಳಗೆ ಹೋದೊಡನೆ ಲೆಕ್ಕವನ್ನು ನೋಡುವ ಆತುರವಿದ್ದರೂ, ಅರ್ಧಕ್ಕೆ ನಿಂತಿದ್ದ ತಂತ್ರಾಂಶದ ಕೆಲಸವನ್ನು ಮೊದಲು ಮುಗಿಸಿದೆವು. ಡಿಪಿಕೆಜಿ --ಕಾನ್ಫಿಗರ್ -ಎ ಎಂಬ ಆಜ್ಞೆಯು ಅರೆಬೆಂದ ಪೊಟ್ಟಣಗಳನ್ನೆಲ್ಲ ಪೂರ್ತಿ ಮಾಡುವುದು. ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್ ಎಂಬುದು ಕೊರತೆ ಬಿದ್ದುದನ್ನು ತರಿಸಿಕೊಳ್ಳುವುದು. ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್ ಎಂಬುದು ಪ್ರತಿಯೊಂದು ಕರ್ನಲಿನ ಬುತ್ತಿಯ ಗಂಟನ್ನೂ ಹೊಸದಾಗಿ ಕಟ್ಟುವುದು. ಅಪ್‌ಡೇಟ್-ಗ್ರಬ್ ಎಂಬುದು ಪಟ್ಟಿಯನ್ನು ತಿದ್ದುವುದು. ಇವುಗಳಿಗೆ ಮುಂಚೆ ಡಿಎಫ್ -ಎಚ್ ಎಂದು ಒತ್ತಿ ಡಿಸ್ಕಿನಲ್ಲಿ ಖಾಲಿ ಜಾಗವಿದೆಯೇ ಎಂದು ನೋಡುವುದನ್ನು ಮರೆಯಬಾರದು. ಬೂಟ್ ಎಂಬ ಭಾಗವು ಪ್ರತ್ಯೇಕವಾಗಿ, ಸಣ್ಣದಾಗಿ ಇದ್ದರೆ, ಹಳೆಯ ಕರ್ನಲುಗಳಿಂದ ಅದು ತುಂಬಿಹೋಗಿ, ವಿದ್ಯುತ್ತು ಹೋಗದಿದ್ದರೂ ಗಂಟು ಅರ್ಧಕ್ಕೇ ನಿಲ್ಲುವುದುಂಟು. ನಾಲ್ಕು ಆಜ್ಞೆಗಳೂ ಮುಗಿದ ಮೇಲೆ, ಈ ಸಲ ಯಾವ ಗುಂಡಿಯನ್ನೂ ಹಿಡಿಯದೆ ಪ್ರಾರಂಭಿಸಿದೆವು. ಹೊಸ ಕರ್ನಲಿನಿಂದಲೇ ಯಂತ್ರವು ಎದ್ದಿತು.

ಹಳೆಯ ಕರ್ನಲೇ ಇಲ್ಲದಿದ್ದರೆ ಏನು ಮಾಡುವುದು? ಆಗ ಪೆನ್‌ಡ್ರೈವಿನಿಂದ ಎದ್ದು, ಮೂಲ ಭಾಗವನ್ನು ಎಂಎನ್‌ಟಿ ಎಂಬ ಕೋಶಕ್ಕೆ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಎಂಬ ಮೂರು ಕೋಶಗಳನ್ನು --ಬೈಂಡ್ ಎಂಬ ನಿಬಂಧನೆಯಿಂದ ಅದರೊಳಗೆ ಜೋಡಿಸಿ, ಛರೂಟ್ ಎಂಬ ಆಜ್ಞೆಯಿಂದ ಒಳಗೆ ಹೊಗಬೇಕು. ಬೂಟ್ ಎಂಬ ಭಾಗವು ಪ್ರತ್ಯೇಕವಾಗಿದ್ದರೆ ಅದನ್ನೂ ಜೋಡಿಸಬೇಕು. ಹೊಕ್ಕ ಮೇಲೆ, ಎದ್ದಿರುವ ಯಂತ್ರದಲ್ಲಿರುವಂತೆಯೇ ಮೇಲಿನ ಆಜ್ಞೆಗಳನ್ನು ಕೊಡಬಹುದು. ಬೀಗ ಹಾಕಿದ ಮನೆಗೆ ಹಿತ್ತಲ ಬಾಗಿಲಿನಿಂದ ಹೋಗಿ ಒಲೆಯನ್ನು ಹೊತ್ತಿಸಿದಂತೆ.

ಬೇರೆ ಕಡೆಯಲ್ಲಿ ಎಳೆ ಕಡಿದಾಗ ಬೇರೆ ಲಕ್ಷಣಗಳು ಕಾಣುವುವು. ಡಿಸ್ಕೇ ಇಲ್ಲವೆಂದು ಫರ್ಮ್‌ವೇರ್ ಹೇಳಿದರೆ ಪೆಟ್ಟಿಗೆಯ ಒಳಗಿನ ತಂತಿಗಳು ಸಡಿಲವಾಗಿವೆಯೇ, ಬೂಟಿನ ಸರದಿಯು ಬದಲಾಗಿದೆಯೇ ಎಂದು ನೋಡಬೇಕು. ಗ್ರಬ್ ರೆಸ್ಕ್ಯೂ ಎಂದು ನಿಂತರೆ ಗ್ರಬ್ ತನ್ನ ಉಪಕರಣಗಳಿರುವ ಕೋಶವನ್ನು ಕಾಣದೆ ಹೋಗಿದೆ. ಪೆನ್‌ಡ್ರೈವಿನ ದಾರಿಯಿಂದ ಹೊಕ್ಕು ಗ್ರಬ್-ಇನ್‌ಸ್ಟಾಲ್ ಎಂಬುದನ್ನು ನಡೆಯಿಸುವುದು ಅದಕ್ಕೆ ಮದ್ದು. ಎಮರ್ಜೆನ್ಸಿ ಮೋಡ್ ಎಂದು ಬಂದರೆ ಸಿಸ್ಟಮ್‌ಡಿಯವರೆಗೂ ಎಲ್ಲ ಸರಿಯಾಗಿದೆ. ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ಈಗ ಇಲ್ಲದ ಯಾವುದೋ ಡಿಸ್ಕಿನ ಹೆಸರು ಉಳಿದಿದ್ದು, ಯಂತ್ರವು ಅದಕ್ಕಾಗಿ ೯೦ ಸೆಕೆಂಡುಗಳ ಕಾಲ ಕಾದು ಸೋತಿರುವುದು ಸಾಮಾನ್ಯವಾದ ಕಾರಣ. ಜರ್ನಲ್‌ಸಿಟಿಎಲ್ -ಎಕ್ಸ್‌ಬಿ ಎಂಬ ಆಜ್ಞೆಯು ಅದನ್ನು ಹೆಸರು ಹಿಡಿದು ಹೇಳುವುದು. ಅಕ್ಷರಗಳೆಲ್ಲ ಓಡಿ, ಪರದೆಯು ಬರಿದೇ ಕಪ್ಪಾಗಿ ನಿಂತರೆ ಚಿತ್ರವನ್ನು ತೋರಿಸುವ ಭಾಗದ ತೊಡಕೆಂದು ತಿಳಿಯಬೇಕು. ಗ್ರಬ್ಬಿನ ಪಟ್ಟಿಯಲ್ಲಿ ಇ ಎಂದು ಒತ್ತಿ, ಲಿನಕ್ಸ್ ಎಂದು ಪ್ರಾರಂಭವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂಬ ಪದವನ್ನು ಸೇರಿಸಿ ನೋಡಬಹುದು. ಹಳೆಯ ಯಂತ್ರಗಳಲ್ಲಿ ಒಂದು ವಿಚಿತ್ರವಾದ ರೋಗವುಂಟು: ಹಲಗೆಯ ಮೇಲಿನ ನಾಣ್ಯದಾಕಾರದ ಬ್ಯಾಟರಿಯು ಬರಿದಾದರೆ ಗಡಿಯಾರವು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುವುದು. ಕಡೆಯ ಸಾರಿ ತೆರೆದ ದಿನವು ಇನ್ನೂ ಬಂದೇ ಇಲ್ಲವಲ್ಲ ಎಂದು ಎಫ್‌ಎಸ್‌ಸಿಕೆ ಆಗ ದೂರುವುದು. ಚಿಕ್ಕಮ್ಮನವರ ಯಂತ್ರದಲ್ಲಿ ಆ ದೂರೂ ಇತ್ತು. ಚನ್ನಪಟ್ಟಣದ ಪೇಟೆಯಲ್ಲಿ ಹೊಸ ಬ್ಯಾಟರಿಯನ್ನು ಕೊಂಡು ಹಾಕಿದ ಮೇಲೆ ಅಡಗಿತು.

ಯಂತ್ರವು ನಡೆಯುತ್ತಿರುವಾಗಲೇ ಕಲ್ಲಿನಂತೆ ನಿಂತುಬಿಟ್ಟರೆ, ವಿದ್ಯುತ್ತಿನ ಗುಂಡಿಯನ್ನು ಒತ್ತಿಹಿಡಿದು ಕೊಲ್ಲುವುದಕ್ಕೆ ಮೊದಲು ಇನ್ನೊಂದು ಉಪಾಯವನ್ನು ಮಾಡಬಹುದು. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಗುಂಡಿಗಳನ್ನು ಒಟ್ಟಿಗೆ ಹಿಡಿದು ಎಸ್, ಯು, ಬಿ ಎಂಬ ಮೂರು ಅಕ್ಷರಗಳನ್ನು ಒಂದೊಂದಕ್ಕೂ ಕೆಲವು ಸೆಕೆಂಡು ಬಿಟ್ಟು ಒತ್ತಿದರೆ, ಕರ್ನಲ್ ಕೈಯಲ್ಲಿರುವುದನ್ನು ಡಿಸ್ಕಿಗೆ ಇಳಿಸಿ, ಡಿಸ್ಕನ್ನು ಓದುವುದಕ್ಕೆ ಮಾತ್ರ ಎಂದು ಮಾಡಿ, ಆಮೇಲೆ ಮರಳಿ ಪ್ರಾರಂಭವಾಗುವುದು. ಉಬುಂಟುವಿನಲ್ಲಿ ಈ ಮೂರಕ್ಕೂ ಮೊದಲಿನಿಂದಲೇ ಅನುಮತಿಯಿರುವುದು.

ಭಾನುವಾರ ಬೆಳಿಗ್ಗೆ ಹುಡುಗಿಯು ಆ ನಾಲ್ಕು ಮನೆಗಳಿಗೆ ಹೋಗಿ ಅವರವರ ಪಾಸ್‌ಪುಸ್ತಕಗಳನ್ನು ತಂದಳು. ಅವುಗಳಲ್ಲಿ ಗುರುವಾರದ ಕಂತನ್ನು ಚಿಕ್ಕಮ್ಮನವರೇ ಬರೆದು ರುಜು ಮಾಡಿದ್ದರು. ಅದರಂತೆ ನಾಲ್ಕು ಸಾಲುಗಳನ್ನೂ ಗಣಕಕ್ಕೆ ಏರಿಸಿ, ಮೊತ್ತವನ್ನು ಪೆಟ್ಟಿಗೆಯಲ್ಲಿದ್ದ ಹಣದೊಡನೆ ಕೂಡಿ ನೋಡಿದಾಗ ತಾಳೆಯಾಯಿತು. ಸೋಮವಾರದ ಸಭೆಯಲ್ಲಿ ಯುಪಿಎಸ್ಸಿಗಾಗಿ ಸಂಘದವರು ಹಣವನ್ನು ಮಂಜೂರು ಮಾಡಿದರು. ಚಿಕ್ಕಮ್ಮನವರು ಅದರೊಡನೆ ಹೊಸದೊಂದು ಖಾತೆಪುಸ್ತಕವನ್ನೂ ತರಿಸಿ, ಅಂದಿನಿಂದ ಎರಡರಲ್ಲಿಯೂ ಲೆಕ್ಕವನ್ನು ಬರೆಯಿಸುತ್ತಿದ್ದಾರೆ.